ಮಾವನ ದೊಡ್ಡ ಸೆಟ್ಟು ಮತ್ತು ನನ್ನ ಗಿಟಾರು

ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಕಾಲದಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಗಿಟಾರ್ ಮಾಸ್ಟ್ರು ಎಂದರೆ ಸಾಕಿತ್ತು. ಮದುವೆ ಕಾಗದದಲ್ಲಿ ಊಟದ ಹೊತ್ತಿನ ಕೆಳಗೆ ‘ಗಿಟಾರ್ ವಾದನ ಉಂಟು’ ಎಂದು ಅಚ್ಚು ಹಾಕಿಸುತ್ತಿದ್ದರು. ಬಸ್ಸು ಹತ್ತಿದರೆ ಕಂಡಕ್ಟರ್ ಯಾರನ್ನಾದರೂ ಎಬ್ಬಿಸಿ ನನಗೆ ಸೀಟು ಮಾಡಿಕೊಡುತ್ತಿದ್ದ. ಅಂಥವನಿಗೆ ತನ್ನ ವಾದ್ಯಕ್ಕೆ ಯಾವ ಆಂಪ್ಲಿಫೈಯರ್ ಬೇಕೆಂದು ಹೇಳುವ ಹಕ್ಕು ಮಾತ್ರ ಇರಲಿಲ್ಲ. ಅದನ್ನು ಹೇಳುತ್ತಿದ್ದವರು ನನ್ನ ಮಾವ.

ನನ್ನದು ಹವಾಯಿಯನ್ ಗಿಟಾರು. ಅದನ್ನು ಎದೆಗೆ ಆತುಕೊಂಡು ಬಾರಿಸುವುದಲ್ಲ, ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಒಂದು ಉಕ್ಕಿನ ತುಂಡನ್ನು ಜಾರಿಸುತ್ತಾ ಬಾರಿಸುವುದು. ಒಂದು ಸ್ವರ ಇನ್ನೊಂದಕ್ಕೆ ಜಾರಿಕೊಂಡು ಹೋಗುವಾಗ ಮಧ್ಯದಲ್ಲಿ ಏನು ಹುಟ್ಟುತ್ತದೋ ಅದೇ ಅದರ ಜೀವ. ಹುಡುಗನಾಗಿ ಮುಂಬಯಿಯಲ್ಲಿ ನಮ್ಮ ಊರಿನವರ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಾಗ, ಪಕ್ಕದ ಕೋಣೆಯಲ್ಲಿದ್ದ ಗೋವಾದ ಮುದುಕರೊಬ್ಬರು ಇದನ್ನು ಕಲಿಸಿದರು. ತಂತಿಗಳ ಅಡಿಯಲ್ಲಿ ಒಂದು ಅಯಸ್ಕಾಂತ, ಅದರಿಂದ ಹೊರಗೆ ಒಂದು ವಯರು. ಆ ವಯರನ್ನು ಎಲ್ಲಿಗೂ ಸೇರಿಸದಿದ್ದರೆ ಬಾರಿಸುವವನಿಗೆ ಬಿಟ್ಟು ಇನ್ನೊಬ್ಬರಿಗೆ ಸರಿಯಾಗಿ ಕೇಳುವುದೇ ಇಲ್ಲ.

ಅಮ್ಮನಿಗೆ ಹುಷಾರಿಲ್ಲದಾಗ ಊರಿಗೆ ಬಂದೆ, ನರಿಮೊಗರಿನಲ್ಲಿ ಶಾಲೆಯ ಮಾಸ್ಟ್ರಾದೆ. ಅಮ್ಮ ಹೋದ ಮೇಲೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಪುತ್ತೂರಿನ ದರ್ಬೆಯಿಂದ ಮೈಕ್ ಬಂತು. ತಂದವರು ಒಬ್ಬರು ದಪ್ಪ ಮೀಸೆಯ ಹಿರಿಯರು, ಬಿಳಿ ಅಂಗಿ, ಕಿಸೆಯಲ್ಲಿ ಸ್ಕ್ರೂಡ್ರೈವರ್. ನಾನು ಬಾರಿಸುತ್ತೇನೆಂದು ತಿಳಿದು, ನನ್ನ ವಯರಿನ ತುದಿಯನ್ನು ಬಿಚ್ಚಿ ತಮ್ಮ ಸೆಟ್ಟಿಗೆ ಸೇರಿಸಿದರು. ಮರಕ್ಕೆ ಕಟ್ಟಿದ ಹಾರ್ನಿನಿಂದ ನನ್ನ ಗಿಟಾರು ಗದ್ದೆಯ ಆಚೆಗೆ ಹೋಯಿತು. ಮುಗಿದ ಮೇಲೆ ಅವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಮಾಸ್ಟ್ರೇ, ನಿಮ್ಮನ್ನು ಇಲ್ಲಿ ಬಿಟ್ಟರೆ ಪಾಪ ಬರ್ತದೆ.”

ಮರುವರ್ಷ ಅವರ ಮಗಳನ್ನು ಮದುವೆಯಾದೆ. ಒಬ್ಬಳೇ ಮಗಳು, ಅತ್ತೆ ಮೊದಲೇ ತೀರಿಕೊಂಡಿದ್ದರು. ನನಗೆ ಸ್ವಂತ ಮನೆ ಇರಲಿಲ್ಲವಾದ್ದರಿಂದ ದರ್ಬೆಯಲ್ಲಿ ಅವರ ಅಂಗಡಿಯ ಮೇಲಿನ ಮಾಳಿಗೆಯಲ್ಲೇ ನಮ್ಮ ಸಂಸಾರ ಶುರುವಾಯಿತು. ಯಾರೂ ನನ್ನನ್ನು ಕಟ್ಟಿಹಾಕಲಿಲ್ಲ ಎಂಬುದನ್ನು ನಾನು ಹೇಳಲೇಬೇಕು. ಮಾವ ನನಗೆ ಅಂಗಿ ಹೊಲಿಸಿದರು. ಗಿಟಾರಿಗೆ ಹೊಸ ಪೆಟ್ಟಿಗೆ ಮಾಡಿಸಿದರು. ಜ್ವರ ಬಂದಾಗ ರಾತ್ರಿ ಗಂಜಿ ಕುಡಿಸಿದರು. ಮದುವೆಯ ಸೀಸನಿನಲ್ಲಿ ಶಾಲೆಗೆ ರಜೆ ಹಾಕಿ ಹಾಕಿ ಹೆಡ್‌ಮಾಸ್ಟ್ರು ಸಿಡುಕಿದಾಗ, “ಆ ಕೆಲಸ ಎಂತಕ್ಕೆ ಮಾರಾಯ್ರೆ? ಬಿಡಿ. ಅಂಗಡಿ ನಿಮ್ಮದೇ ಅಲ್ದಾ?” ಎಂದರು. ಬಿಟ್ಟೆ. ಒಂದೊಂದು ಉಪಕಾರವೂ ಬೆನ್ನ ಹಿಂದೆ ಒಂದೊಂದು ಬಾಗಿಲು ಮುಚ್ಚುತ್ತಿತ್ತು. ಮುಚ್ಚಿದ ಸದ್ದು ನನಗೆ ಆಗ ಕೇಳಲಿಲ್ಲ.

ಶಾಲೆ ಬಿಟ್ಟ ವರ್ಷವೇ ಮದ್ರಾಸಿನಿಂದ ದೊಡ್ಡ ಸೆಟ್ಟು ಬಂತು. ಆಂಪ್ಲಿಫೈಯರ್ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ, ಎಲ್ಲದಕ್ಕೂ ಸೆಟ್ಟು ಎಂದೇ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಎತ್ತಲು ಇಬ್ಬರು ಬೇಕು. ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳು. ಅವು ಕೆಂಪಾಗಿ ಕಾಯುವವರೆಗೆ ಕಾಯಬೇಕು, ಕಾದ ಮೇಲೆ ಧೂಳು ಸುಟ್ಟ ವಾಸನೆ. ಜೊತೆಗೆ ನಾಲ್ಕು ಹಾರ್ನು. ಭಾಷಣಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ನನ್ನ ಗಿಟಾರಿಗೆ ಮಾತ್ರ ಅದು ಶತ್ರು. ಹಾರ್ನಿನ ತಗಡಿನ ಗಂಟಲಿನಲ್ಲಿ ದಪ್ಪ ಸ್ವರಗಳು ಹೊರಗೇ ಬರುತ್ತಿರಲಿಲ್ಲ, ತೆಳು ಸ್ವರಗಳು ಕಿರುಚುತ್ತಿದ್ದವು. ಜಾರಿಸಿದರೆ ಎಲ್ಲ ಕಲಸಿಹೋಗಿ, ತಗಡಿನ ಮೇಲೆ ಕಲ್ಲು ಎಳೆದ ಹಾಗೆ ಆಗುತ್ತಿತ್ತು. ಆದ್ದರಿಂದ ಸ್ಟೇಜಿನಲ್ಲಿ ನಾನು ಜಾರಿಸುವುದನ್ನು ಕಡಿಮೆ ಮಾಡಿದೆ. ಒಂದೊಂದೇ ಸ್ವರವನ್ನು ಮೊಳೆ ಹೊಡೆದ ಹಾಗೆ ಗಟ್ಟಿಯಾಗಿ ಮೀಟುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಹೆಸರು ಬೆಳೆದದ್ದು ಆ ಮೊಳೆಗಳ ಮೇಲೆ.

ಮನೆಯಲ್ಲಿ ಬೇರೆಯೇ ಇತ್ತು. ಅಂಗಡಿಗೆ ರಿಪೇರಿಗೆ ಬಂದು, ಧಣಿಗಳು ತಿರುಗಿ ಕೇಳದೆ ಬಿಟ್ಟುಹೋದ ಒಂದು ಹಳೆಯ ರೇಡಿಯೋ ಮಾಳಿಗೆಯಲ್ಲಿ ಬಿದ್ದಿತ್ತು. ಮರದ ಪೆಟ್ಟಿಗೆ, ಮುಂದೆ ಬಟ್ಟೆ ಹೊದಿಸಿದ ದುಂಡು ಸ್ಪೀಕರು. ಅಂಥ ರೇಡಿಯೋಗಳ ಹಿಂದೆ ಗ್ರಾಮಫೋನು ಸೇರಿಸಲಿಕ್ಕೆ ಎರಡು ತೂತು ಇರುತ್ತವೆ. ಅಲ್ಲಿಗೆ ಗಿಟಾರಿನ ವಯರು ಸಿಕ್ಕಿಸಿದೆ. ಮೊದಲ ಸ್ವರಕ್ಕೇ ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಹೆಚ್ಚುತ್ತಿದ್ದ ಅಲಸಂಡೆ ಹಾಗೇ ಇತ್ತು. ಕೊನೆಯವರೆಗೆ ನಿಂತು ಕೇಳಿದಳು.

“ಇದು ನೀವು ಬಾರಿಸುದು,” ಎಂದಳು. “ಅಲ್ಲಿ ಬಾರಿಸುದು ಅಪ್ಪನ ಸೆಟ್ಟು.”

ಅಂದಿನಿಂದ ಅಂಗಡಿ ಊಟಕ್ಕೆ ಮುಚ್ಚುವ ಹೊತ್ತಿನಲ್ಲಿ, ಮಾವ ಕೆಳಗೆ ಚಾಪೆ ಹಾಸಿ ಮಲಗಿದಾಗ, ನಾನು ರೇಡಿಯೋ ಪೆಟ್ಟಿಗೆಯಲ್ಲಿ ಅವಳೊಬ್ಬಳಿಗೆ ಬಾರಿಸುತ್ತಿದ್ದೆ. ದಿನದ ಉಳಿದ ಹೊತ್ತೆಲ್ಲ ನಾನು ಬೇರೆ ಯಾರದೋ ಅಂಗಿಯೊಳಗೆ ಇದ್ದವನ ಹಾಗೆ ಇದ್ದೆ.

ದೊಡ್ಡ ಸೆಟ್ಟಿನ ತೊಂದರೆಯನ್ನು ಮಾವನಿಗೆ ಹೇಳದೆ ಇದ್ದೆನೆಂದಲ್ಲ. ಈಶ್ವರಮಂಗಲದ ಒಂದು ಮದುವೆ. ಸಣ್ಣ ಅಂಗಳ, ನಾಲ್ಕು ಮೂಲೆಗೆ ನಾಲ್ಕು ಹಾರ್ನು. ನಾನು ಶುರು ಮಾಡಿದಾಗ ತೊಟ್ಟಿಲ ಮಗು ಚೀರಿತು, ಮದುಮಗಳು ಸೆರಗಿನಲ್ಲಿ ಕಿವಿ ಮುಚ್ಚಿಕೊಂಡಳು. ಮನೆಯ ಯಜಮಾನರು ಮಾವನ ಪಕ್ಕಕ್ಕೆ ಬಂದು, “ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಆಗ್ತದಾ?” ಎಂದು ಮೆಲ್ಲನೆ ಕೇಳಿದರು. ಮಾವ ಸೆಟ್ಟಿನ ಗುಂಡಿಯನ್ನೇ ನೋಡುತ್ತಾ ಕೂತಿದ್ದರು, ತಿರುಗಲಿಲ್ಲ. ಯಜಮಾನರು ಮುಖ ಸಣ್ಣ ಮಾಡಿಕೊಂಡು ಹೋದರು. ನನಗೆ ನಾಚಿಕೆಯಾಯಿತು.

ಹಿಂದಿರುಗುವಾಗ ಬಸ್ಸಿಗೆ ಕಾಯುತ್ತಾ ಅವರ ಎದುರು ನಿಂತು ಕೇಳಿಯೇಬಿಟ್ಟೆ. “ಮಾವ, ಸಣ್ಣ ಮನೆಗೆ ಎರಡು ಹಾರ್ನ್ ಸಾಕು ಅಲ್ದಾ?”

“ಹಿಂದೆ ಕೂತವರಿಗೆ ಕೇಳುದು ಬೇಡವಾ?”

“ಹಿಂದೆ ಕೂತವರಿಗೂ ಕೇಳ್ತದೆ ಮಾವ.”

“ಮಾಸ್ಟ್ರೇ,” ಎಂದರು ಅವರು, “ಬಾರಿಸುದು ನಿಮ್ಮ ಕೆಲಸ. ಕೇಳಿಸುದು ನನ್ನ ಕೆಲಸ.”

ಅಲ್ಲಿಗೆ ಮಾತು ಮುಗಿಯಿತು. ಅವರ ಮನೆಯಲ್ಲಿ ಉಂಡು, ಅವರ ಮಾಳಿಗೆಯಲ್ಲಿ ಮಲಗುವವನು ಇನ್ನೇನು ಮುಂದುವರಿಸಲಿ?

ಒಂದೇ ಒಂದು ಊರು ನನಗೆ ಉಸಿರಾಡಲು ಇತ್ತು. ಕಡಬಕ್ಕೆ ಆಗ ಇನ್ನೂ ಕರೆಂಟು ಬಂದಿರಲಿಲ್ಲ. ಕಾರಿನ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಸೆಟ್ಟು, ಒಂದು ಹಾರ್ನು, ಅಷ್ಟೇ. ಅದರ ಸದ್ದೂ ತಗಡಿನದೇ, ಆದರೆ ಕಡಿಮೆ. ಜನ ಹತ್ತಿರ ಬಂದು ಕೂರುತ್ತಿದ್ದರು. ಅಲ್ಲಿ ನಾನು ಸ್ವಲ್ಪ ಜಾರಿಸಿದರೆ ಯಾರಾದರೂ ಒಬ್ಬರು ತಲೆ ಎತ್ತಿ ನೋಡುವುದಿತ್ತು. ಕಡಬದ ಕಾರ್ಯಕ್ರಮ ಬಂದರೆ ಹೋಗುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಹೀಗಿರುವಾಗ ಮಾವ ಒಂದು ದಿನ ಮಂಗಳೂರಿನಿಂದ ಜನರೇಟರ್ ಇಳಿಸಿದರು. ಮುಖವೆಲ್ಲ ಬೆಳಕಾಗಿ ನನ್ನ ಬೆನ್ನು ತಟ್ಟಿ, “ಇನ್ನು ಕಡಬದಲ್ಲಿಯೂ ದೊಡ್ಡ ಸೆಟ್ಟು ಹಾಕುವ ಮಾಸ್ಟ್ರೇ. ನಿಮಗೋಸ್ಕರವೇ ತಂದದ್ದು” ಎಂದರು. ನಾನು ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ. ಕಡಬವೂ ಹೋಯಿತು.

ಆ ವರ್ಷದ ಮಳೆಗಾಲ ಕಳೆದ ಮೇಲೆ ಮಂಗಳೂರಿನ ಒಂದು ನಾಟಕ ಕಂಪೆನಿಯ ಮ್ಯಾನೇಜರ್ ಅಂಗಡಿಗೆ ಬಂದರು. ನಾಟಕದ ಹಿನ್ನೆಲೆಗೆ ಗಿಟಾರು ಬೇಕು, ಥಿಯೇಟರಿನ ಒಳಗೆ, ಹಾರ್ನು ಗೀರ್ನು ಇಲ್ಲ, ಸ್ಟೇಜಿನ ಪಕ್ಕ ಒಂದು ಪೆಟ್ಟಿಗೆ ಸ್ಪೀಕರು ಸಾಕು ಎಂದರು. ನಾನು ಸೋಲ್ಡರಿಂಗ್ ಕಡ್ಡಿ ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ಮಾವ ಅವರಿಗೆ ಕಾಫಿ, ಗೋಳಿಬಜೆ ತರಿಸಿದರು, ಪ್ರೀತಿಯಿಂದಲೇ ಮಾತಾಡಿದರು.

“ಮಾಸ್ಟ್ರು ಎಲ್ಲಿಗೂ ಹೋಗುದಿಲ್ಲ. ಅವರು ನನ್ನ ಮಗನ ಹಾಗೆ.”

ಮ್ಯಾನೇಜರು ನನ್ನ ಮುಖ ನೋಡಿದರು. ನನ್ನ ಕೈಯ ಕಡ್ಡಿಯಿಂದ ಸೀಸದ ಹೊಗೆ ಏಳುತ್ತಿತ್ತು. “ಹೌದು” ಎಂದೆ. ಮಗನ ಹಾಗೆ ಎಂದ ಮೇಲೆ ಅಲ್ಲ ಎಂದು ಹೇಗೆ ಹೇಳುವುದು? ಮಧ್ಯಾಹ್ನ ಮಾಳಿಗೆಗೆ ಹೋದೆ, ಬಾರಿಸಲಿಲ್ಲ. ಹೆಂಡತಿಗೆ ಮೆಟ್ಟಿಲಿನ ಮೇಲೆ ನಿಂತೇ ಎಲ್ಲ ಕೇಳಿತ್ತು.

ಮುಂದಿನ ಬೇಸಿಗೆಯಲ್ಲಿ ಸುಳ್ಯದಲ್ಲಿ ಒಂದು ಮದುವೆ. ಅದೇ ದಿನ ಪುತ್ತೂರಿನಲ್ಲಿ ಸಾರ್ವಜನಿಕ ಸಭೆ, ದೊಡ್ಡ ಸೆಟ್ಟು ಅಲ್ಲಿಗೆ ಬೇಕು. ಮಾವ ನನಗೆ, “ನೀವು ಎರಡು ಹಾರ್ನಿನ ಸೆಟ್ಟು ಹಿಡ್ಕೊಂಡು ಹೋಗಿ. ಸಭೆ ಮುಗಿಸಿ ನಾನು ಬಸ್ಸಿನಲ್ಲಿ ಬರ್ತೇನೆ” ಎಂದು ಬೆಳಿಗ್ಗೆಯೇ ಹೊರಟರು. ನಾನು ಹೊರಡುವಾಗ ನೋಡಿದರೆ ಹೆಂಡತಿ ರೇಡಿಯೋ ಪೆಟ್ಟಿಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಬಾಗಿಲಲ್ಲಿ ಇಟ್ಟಿದ್ದಾಳೆ.

“ನಿನ್ನ ಅಪ್ಪ ಬಂದರೆ?” ಎಂದೆ.

“ಬಂದರೆ ಕೇಳಲಿ. ಅವರೂ ಒಮ್ಮೆ ನಿಮ್ಮದನ್ನು ಕೇಳಲಿ.”

ಹಾರ್ನಿನ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಪೆಟ್ಟಿಗೆ ಎತ್ತಿಕೊಂಡೆ. ಸುಳ್ಯದ ಆ ಮನೆಯಲ್ಲಿ ಕರೆಂಟು ಇತ್ತು, ಉದ್ದನೆಯ ಚಾವಡಿ ಇತ್ತು. ಊಟ ಮುಗಿದು ಜನ ವೀಳ್ಯ ಹಾಕಿಕೊಂಡು ಕೂತಿದ್ದರು. ಮರದ ಪೆಟ್ಟಿಗೆ ಮಾತ್ರ ಇಟ್ಟದ್ದು ನೋಡಿ ಯಾರೋ, “ಮೈಕ್ ಎಲ್ಲಿ ಮಾರಾಯ್ರೆ?” ಎಂದರು. ನಾನು ಶುರು ಮಾಡಿದೆ. ಮೊದಲು ಮಾತು ನಡೆಯುತ್ತಲೇ ಇತ್ತು. ಆಮೇಲೆ ಒಂದು ಮೂಲೆಯಿಂದ ನಿಲ್ಲುತ್ತಾ ಬಂತು. ಅಡುಗೆಯವರು ಪಾತ್ರೆ ತೊಳೆಯುವುದನ್ನು ಬಿಟ್ಟು ಹಿಂಬಾಗಿಲಿಗೆ ಬಂದರು. ನಾನು ಬೇಕೆನಿಸಿದಷ್ಟು ಜಾರಿಸಿದೆ, ಒಂದು ಸ್ವರವನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲು ನಡುವೆ ತಡೆದು ನಿಂತೆ. ನೂರಾರು ಮದುವೆಗಳಲ್ಲಿ ಬಾರಿಸಿದ್ದರೂ ನಾನು ಇಷ್ಟು ಜನರ ಎದುರು ಮೊದಲ ಸಲ ಬಾರಿಸುತ್ತಿದ್ದೇನೆ ಎಂದು ಅನಿಸಿತು.

ಎರಡನೆಯದೋ ಮೂರನೆಯದೋ ಹಾಡಿನ ಹೊತ್ತಿಗೆ ಮಾವ ಬಂದರು. ಎಲ್ಲರೂ ಸರಿದು ಅವರಿಗೆ ಎದುರು ಸಾಲಿನಲ್ಲಿ ಕುರ್ಚಿ ಕೊಟ್ಟರು. ಅವರ ಕಣ್ಣು ಹಾರ್ನು ಹುಡುಕಿತು, ಸಿಗಲಿಲ್ಲ, ಪೆಟ್ಟಿಗೆಯ ಮೇಲೆ ನಿಂತಿತು. ನಾನು ತಲೆ ತಗ್ಗಿಸಿ ಮುಂದುವರಿಸಿದೆ. ಇವರು ಕೇಳಿದರೆ ಎಲ್ಲ ಅರ್ಥವಾಗುತ್ತದೆ, ನಾನು ಬಾಯಿ ಬಿಡುವುದೇ ಬೇಡ ಎಂದುಕೊಂಡು, ಇದ್ದ ಬುದ್ಧಿಯನ್ನೆಲ್ಲ ಬೆರಳಿಗೆ ತಂದು ಬಾರಿಸಿದೆ. ಸಣ್ಣ ಮಕ್ಕಳು ಕೂಡ ಸುಮ್ಮನಿದ್ದರು.

ಹಾಡಿನ ಸರೀ ಮಧ್ಯದಲ್ಲಿ ಮಾವ ಎದ್ದು ನಿಂತರು. ಗಟ್ಟಿಯಾಗಿ ಹೇಳಿದರು:

“ಎಂತ ಮಾಸ್ಟ್ರೇ, ಶುರು ಮಾಡುದಲ್ವಾ? ಜನ ಕಾಯ್ತಾ ಇದ್ದಾರೆ!”

ಚಾವಡಿ ಗೊಳ್ಳೆಂದು ನಕ್ಕಿತು. ಮಾವ ಅಳಿಯನನ್ನು ತಮಾಷೆ ಮಾಡುತ್ತಿದ್ದಾರೆಂದು ಎಲ್ಲರೂ ತಿಳಿದರು. ನನ್ನ ಕೈ ನಿಂತಿತು. ಇಷ್ಟು ಜನರ ಎದುರು ನನ್ನ ಸಂಗೀತವನ್ನು ಸಂಗೀತವೇ ಅಲ್ಲ ಎಂದುಬಿಟ್ಟರಲ್ಲ ಎಂದು ಮೈ ಉರಿಯಿತು. ಎದ್ದು ಹೋಗಿಬಿಡಬೇಕೆಂದು ತಲೆ ಎತ್ತಿ ಅವರ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಜನ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವರು ಆಚೆ ಈಚೆ ನೋಡುತ್ತಿದ್ದರು. ನಾನು ಇನ್ನೂ ಶ್ರುತಿ ಮಾಡುತ್ತಿದ್ದೇನೆಂದು ತಿಳಿದು ನಿಜವಾಗಿಯೂ ಕಾಯುತ್ತಿದ್ದರು. ನಾನು ಇಷ್ಟು ಹೊತ್ತು ಬಾರಿಸಿದ್ದರಲ್ಲಿ ಒಂದು ಸ್ವರವೂ ಅವರನ್ನು ಮುಟ್ಟಿರಲಿಲ್ಲ.

ನಾನೂ ನಕ್ಕೆ. “ಈಗ ಮಾಡ್ತೇನೆ ಮಾವ” ಎಂದು ಕೈ ಸನ್ನೆ ಮಾಡಿ, ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಸ್ಪೀಕರು ಗರಗರ ಅಂತು. ಮೊಳೆ ಹೊಡೆದ ಹಾಗೆ ಬಾರಿಸಿದೆ. ಆಗ ಅವರ ಪಾದ ತಾಳ ಹಾಕಿತು.

ಮನೆಗೆ ಬಂದು ಹೆಂಡತಿಗೆ, ಮಾವನಿಗೆ ಏನೂ ಕೇಳಿಸಿಯೇ ಇಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಯ ಮೇಜಿಗೆ ಬಗ್ಗಿ ಏನೋ ಬಿಚ್ಚುತ್ತಿದ್ದಾಗ ಬೆನ್ನ ಹಿಂದೆ ಹೋಗಿ ನಿಂತು, “ಅಪ್ಪ, ಕಾಫಿ” ಎಂದಳು. ಇನ್ನೊಮ್ಮೆ ಎಂದಳು. ಅವರು ತಿರುಗಲಿಲ್ಲ. ಅವಳು ಲೋಟ ಹಿಡಿದುಕೊಂಡೇ ನನ್ನ ಕಡೆ ನೋಡಿದಳು, ಕಣ್ಣಿನಲ್ಲಿ ನೀರಿತ್ತು. ವರ್ಷಗಟ್ಟಲೆ ಹಾರ್ನಿನ ಕೆಳಗೆ ನಿಂತು ‘ಹಲೋ ಹಲೋ’ ಎಂದದ್ದು ಅವರ ಕಿವಿಯನ್ನು ತಿಂದಿತ್ತು. ಎದುರು ಕೂತು ಮಾತಾಡಿದರೆ ತುಟಿ ನೋಡಿ ಉತ್ತರಿಸುತ್ತಿದ್ದರು. ಈಶ್ವರಮಂಗಲದ ಯಜಮಾನರ ಮಾತು ಅವರಿಗೆ ಕೇಳಿಯೇ ಇರಲಿಲ್ಲ. ನಾವು ಅದನ್ನೆಲ್ಲ ಹಟ ಎಂದುಕೊಂಡಿದ್ದೆವು.

ಗೊತ್ತಾದ ಮೇಲೆ ನನ್ನ ಸ್ಥಿತಿ ಇನ್ನೂ ಬಿಗಿಯಾಯಿತು. ಹಟಮಾರಿಯೊಡನೆ ಒಂದು ದಿನವಾದರೂ ಜಗಳ ಆಡಬಹುದಿತ್ತು. ನಾಲ್ಕು ಹಾರ್ನು ಹಾಕಿದರೆ ಮಾತ್ರ ಅಳಿಯನ ಗಿಟಾರು ಕೇಳುವ ಮುದುಕನೊಡನೆ ಎಂತ ಜಗಳ? ಮುಂದಿನ ಕಾರ್ಯಕ್ರಮಕ್ಕೆ ದೊಡ್ಡ ಸೆಟ್ಟನ್ನು ನಾನೇ ಬಸ್ಸಿನ ಮೇಲೆ ಏರಿಸಿದೆ. ರೇಡಿಯೋ ಪೆಟ್ಟಿಗೆ ಮತ್ತೆ ಮಾಳಿಗೆಗೆ ಹೋಯಿತು.

ಆ ವರ್ಷ ಮಂಗಳೂರಿನ ಗುಜರಿಯಲ್ಲಿ ಮಿಲಿಟರಿಯವರು ಬಿಟ್ಟ ಹೆಡ್‌ಫೋನು ಒಂದು ಕಂಡಿತು. ಕಪ್ಪು, ಭಾರ, ಎರಡು ಕಿವಿಗೂ ಮುಚ್ಚುವಂಥದು. ತಂದು ರೇಡಿಯೋ ಪೆಟ್ಟಿಗೆಯ ಸ್ಪೀಕರಿನ ವಯರು ಕಿತ್ತು ಅದಕ್ಕೆ ಸೇರಿಸಿದೆ. ಊಟದ ಹೊತ್ತಿಗೆ ಮಾವನನ್ನು ಮಾಳಿಗೆಗೆ ಕರೆದೆವು.

“ನನಗೆ ಎಂತಕ್ಕೆ ಇದು? ನನಗೆ ಕೇಳ್ತದೆ” ಎಂದು ಎದ್ದೇಬಿಟ್ಟರು. ಮಗಳು ಅವರ ಹೆಗಲು ಅದುಮಿ ಕೂರಿಸಿ, ತಾನೇ ಹೆಡ್‌ಫೋನು ಹಾಕಿದಳು. ನಾನು ಗುಂಡಿ ಪೂರ್ತಿ ತಿರುಗಿಸಿ, ಒಂದು ಸ್ವರ ಮೀಟಿ, ಮೆಲ್ಲಗೆ ಮೇಲಕ್ಕೆ ಜಾರಿಸಿದೆ. ಕೋಣೆಯಲ್ಲಿ ಸದ್ದೇ ಇಲ್ಲ. ಮಾವನ ಬೆನ್ನು ಮಾತ್ರ ನೆಟ್ಟಗಾಯಿತು.

“ಈ ಸುಂಯ್ ಸುಂಯ್ ಅನ್ನುದು ಎಂತ?”

ನಾನು ಅವರ ಎದುರು ಮುಖ ಇಟ್ಟು ಹೇಳಿದೆ, “ಉಕ್ಕು ತಂತಿಯ ಮೇಲೆ ಜಾರುದು ಮಾವ.”

“ಇದು ಮೊದಲಿಂದ ಉಂಟಾ?”

“ಮೊದಲಿಂದ ಉಂಟು.”

ಅವರು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು. “ಇನ್ನೊಮ್ಮೆ” ಎಂದರು. ಇನ್ನೊಮ್ಮೆ ಬಾರಿಸಿದೆ. ಆಮೇಲೆ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನನಗೆ ಗೊತ್ತಿಲ್ಲ ಅಂತ ಗ್ರಹಿಸಿದ್ದೀರಾ? ಗೊತ್ತುಂಟು. ಆದರೆ ಕಿವಿ ಕೇಳದವ ಮೈಕ್ ಇಡ್ತಾನೆ ಅಂತ ಗೊತ್ತಾದ್ರೆ ಊರು ನಗುದಿಲ್ಲವಾ? ಯಾರು ಕರೀತಾರೆ?” ಅವರು ನನ್ನ ಕೈ ಹಿಡಿದುಕೊಂಡರು. “ಹೊರಗೆ ಹೇಳ್ಬೇಡಿ ಮಾಸ್ಟ್ರೇ.”

ಅವರೂ ನನ್ನ ಹಾಗೆಯೇ ಸಿಕ್ಕಿಬಿದ್ದವರು ಎಂದು ನನಗೆ ಆಗ ಹೊಳೆಯಿತು. ಇಬ್ಬರೂ ಒಂದೇ ಪೆಟ್ಟಿಗೆಯ ಎರಡು ಕಡೆ ಕೂತಿದ್ದೆವು. “ಹಾಗಾದರೆ ಸ್ಟೇಜಿಗೆ ಈ ಸಣ್ಣದನ್ನೇ ತೆಕ್ಕೊಂಡು ಹೋಗುವನಾ ಮಾವ? ನೀವು ಇದನ್ನು ಹಾಕಿ ಕೂತುಕೊಳ್ಳಿ” ಎಂದು ಕೇಳಿದೆ.

“ಬೇಡ. ಎಲ್ಲರೂ ನೋಡ್ತಾರೆ. ಅಲ್ಲಿ ದೊಡ್ಡದೇ ಇರಲಿ.”

ಹೀಗೆ ಸ್ಟೇಜಿಗೆ ದೊಡ್ಡ ಸೆಟ್ಟು, ಮನೆಯಲ್ಲಿ ಹೆಡ್‌ಫೋನು ಎಂದಾಯಿತು. ದಿನಾ ಮಧ್ಯಾಹ್ನ ಅವರು ಮಗುವಿನ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು, ನನ್ನ ತಪ್ಪುಗಳನ್ನೂ ಹಿಡಿಯತೊಡಗಿದರು. ನನಗೆ ಇಷ್ಟವಾದ ಒಂದೇ ಒಂದು ಪೆಟ್ಟಿಗೆಯ ಸ್ವರ ಈಗ ಪೂರ್ತಿ ಅವರದಾಯಿತು, ನನ್ನ ಕಿವಿಗೂ ಬೀಳುತ್ತಿರಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಸದ್ದಿಲ್ಲದೆ ಓಡಾಡುವ ನನ್ನ ಕೈ ನೋಡುತ್ತಿದ್ದಳು. ಒಂದು ದಿನ ಅವರು ಕೆಳಗೆ ಇಳಿದ ಮೇಲೆ ಕೇಳಿದಳು, “ನನಗೆ ಯಾವಾಗ?”

ಸ್ಪೀಕರು, ಹೆಡ್‌ಫೋನು ಎರಡನ್ನೂ ಒಟ್ಟಿಗೆ ಸೇರಿಸಿ ನೋಡಿದೆ. ಮಾವ ಕೂಡಲೇ, “ಇವತ್ತು ಸ್ವರ ಸಣ್ಣಗೆ ಉಂಟು” ಎಂದರು. ಅದನ್ನು ಬಿಟ್ಟೆ. ಸಂಜೆ ಅಂಗಡಿ ಬೀಗ ಹಾಕಿ, ವಯರು ಬದಲಾಯಿಸಿ, ಅವಳಿಗೆ ಬೇರೆಯಾಗಿ ಬಾರಿಸತೊಡಗಿದೆ. ಎಷ್ಟೋ ಸಂಜೆ ಕೈ ಸೋತಿರುತ್ತಿತ್ತು. ಆದರೂ ಕೂರುತ್ತಿದ್ದೆ, ಅವಳು ನನ್ನಿಂದ ಬೇಡಿದ್ದು ಅದೊಂದೇ.

ಕೆಲವು ವರ್ಷಗಳ ಮೇಲೆ ಮಾವನ ಕಾಲು ಸೋತು ಕಾರ್ಯಕ್ರಮಕ್ಕೆ ಬರುವುದು ನಿಂತಿತು, ಮತ್ತೊಂದು ಚಳಿಗಾಲ ಕಳೆಯುವ ಮೊದಲು ಅವರು ತೀರಿಕೊಂಡರು. ವರ್ಷಾಂತಿಕ ಮುಗಿಸಿ, ದೊಡ್ಡ ಸೆಟ್ಟನ್ನು ಬದಿಗೆ ಸರಿಸಿ, ಸುಳ್ಯದ ಒಂದು ಮದುವೆಗೆ ರೇಡಿಯೋ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಈ ಸಲ ಹೆಂಡತಿಯೂ ಬಂದಿದ್ದಳು, ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಎದುರಿನ ಸಾಲುಗಳು ಕಿವಿಗೊಟ್ಟು ಕೇಳಿದವು. ಹಿಂದಿನವರು, “ನಾಲ್ಕು ಹಾರ್ನ್ ಇತ್ತಲ್ಲ ಮಾಸ್ಟ್ರೇ, ಎಂತ ಆಯ್ತು ಅದಕ್ಕೆ?” ಎಂದು ಕೂಗಿದರು. ನಾನು ನಕ್ಕು ಮುಂದುವರಿಸಿದೆ. ಯಾರೂ ತಡೆಯುವವರಿರಲಿಲ್ಲ, ನನ್ನ ಇಷ್ಟದ ಪೆಟ್ಟಿಗೆ, ನನ್ನ ಇಷ್ಟದ ಹಾಡು.

ಬಸ್ಸಿನಲ್ಲಿ ಬರುವಾಗ ಅವಳನ್ನು ಹೇಗಾಯಿತೆಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು.

“ಹಾರ್ನ್ ಇಲ್ಲದಿದ್ದರೂ ನೀವು ಹಾರ್ನಿಗೆ ಬಾರಿಸಿದ ಹಾಗೆಯೇ ಬಾರಿಸಿದ್ರಿ,” ಎಂದಳು. “ಒಂದೊಂದೇ, ಗಟ್ಟಿ.”

ನನಗೆ ಗೊತ್ತೇ ಆಗಿರಲಿಲ್ಲ. ಅಷ್ಟು ವರ್ಷ ಹೊಡೆದ ಮೊಳೆ ಕೈಯಲ್ಲೇ ಉಳಿದುಬಿಟ್ಟಿತ್ತು. ಮನೆಯಲ್ಲಿ ಅವಳೊಬ್ಬಳ ಎದುರು ಬಿಚ್ಚಿಕೊಳ್ಳುತ್ತಿದ್ದ ಬೆರಳು, ನಾಲ್ಕು ಜನ ಎದುರು ಕೂತ ಕೂಡಲೇ ತಾನಾಗಿ ಬಿಗಿಯುತ್ತಿತ್ತು. ಮತ್ತೆ ಕೆಲವು ಕಾರ್ಯಕ್ರಮಗಳಲ್ಲಿ ಪ್ರಯತ್ನಿಸಿದೆ, ಆಗಲಿಲ್ಲ. ಅಷ್ಟರಲ್ಲಿ ಮಂಗಳೂರಿನ ವಾದ್ಯಗೋಷ್ಠಿಗಳು ನಮ್ಮ ಕಡೆಗೂ ಬರತೊಡಗಿದ್ದವು, ಕರೆಗಳೂ ಕಡಿಮೆಯಾದವು. ನಾನು ಸ್ಟೇಜು ಬಿಟ್ಟೆ. ಅಂಗಡಿ ನಡೆಸಿಕೊಂಡು ಹೋದೆ, ಬೇರೆಯವರ ಮಾತಿಗೆ ಮೈಕು ಇಟ್ಟೆ. ಹಾರ್ನು ಕಟ್ಟುವಾಗ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಹೆಂಡತಿಯ ಕಟ್ಟಪ್ಪಣೆಯಾಗಿತ್ತು, ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.